ಅನಿಲದ ಹರಿವಿಗೆ ಮೋಟರ್ ಚಾಲಿತ ಸೂಜಿ ವಾಲ್ವ್: ಲೆಕ್ಕದಿಂದ ಕ್ಯಾಲಿಬ್ರೇಷನ್‌ವರೆಗೆ

ಒಂದು ಚಿಕ್ಕ ಟ್ಯೂಬ್ ಫರ್ನೇಸಿಗೆ ನಿಮಿಷಕ್ಕೆ 1.2 ಲೀಟರ್ ನೈಟ್ರೋಜನ್ ಬೇಕು ಎಂದುಕೊಳ್ಳಿ. ಆರು ಗಂಟೆ ಕಾಲ ಅದು 1.2 ಆಗಿಯೇ ಇರಬೇಕು, ನಡುವೆ ಒಮ್ಮೆ 3ಕ್ಕೆ ಏರಿ ಮತ್ತೆ 1.2ಕ್ಕೆ ಇಳಿಯಬೇಕು. ಕೈಯಲ್ಲಿ ತಿರುಗಿಸುವ ಸೂಜಿ ವಾಲ್ವಿಗೆ (ಮೊನಚಾದ ಸೂಜಿ ರಂಧ್ರದೊಳಗೆ ಸರಿದು ಹರಿವನ್ನು ಹೆಚ್ಚುಕಡಿಮೆ ಮಾಡುವ ಕವಾಟ) ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಕಟ್ಟಿದರೆ ಸಾಕು ಎಂದು ಹೊರಟವರು ಸಾಮಾನ್ಯವಾಗಿ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೋಟರ್ ಹೇಳಿದಷ್ಟು ತಿರುಗುತ್ತದೆ, ಹರಿವು ಮಾತ್ರ ಹೇಳಿದಲ್ಲಿ ನಿಲ್ಲುವುದಿಲ್ಲ. ಕಾರಣ ಹುಡುಕುತ್ತಾ ಹೋದರೆ ಸಿಲಿಂಡರಿನ ಒತ್ತಡ ಇಳಿಸುವ ರೆಗ್ಯುಲೇಟರ್, ಸೋರಿಕೆ ತಡೆಯುವ ರಬ್ಬರಿನ ಓ-ರಿಂಗ್, ಸೂಜಿಯ ಮೂಗು, ಕಸ, ಶಾಖ ಒಂದೊಂದಾಗಿ ಎದುರಾಗುತ್ತವೆ. ಆದ್ದರಿಂದ ವಿನ್ಯಾಸವನ್ನು ಅಲ್ಲಿಂದಲೇ ಶುರುಮಾಡಬೇಕು. ಮೋಟರಿನ ಆಯ್ಕೆ ಬರುವುದು ಬಹಳ ಆಮೇಲೆ.

ಇಲ್ಲಿ ಕೊಟ್ಟಿರುವ ಲೆಕ್ಕ ನಿಮಿಷಕ್ಕೆ 0ಯಿಂದ 5 ಲೀಟರ್ ನೈಟ್ರೋಜನ್‌ಗೆ. ಆರ್ಗಾನ್‌ಗೂ ಇದೇ ವಾಲ್ವ್ ಸಾಕು. ಆಕ್ಸಿಜನ್, ಹೈಡ್ರೋಜನ್, ಎಲ್‌ಪಿಜಿಗೆ ಇದನ್ನು ಬಳಸಲೇಬೇಡಿ. ಒತ್ತಡದ ಆಕ್ಸಿಜನ್‌ನಲ್ಲಿ ಸಾಮಾನ್ಯ ಗ್ರೀಸಿನ ಒಂದು ಹನಿಯೂ ಹೊತ್ತಿಕೊಳ್ಳಬಲ್ಲದು. ಉರಿಯುವ ಅನಿಲದ ಪಕ್ಕದಲ್ಲಿ ತೆರೆದ ಮೋಟರ್, ತೆರೆದ ಸ್ವಿಚ್ ಇರಕೂಡದು. ಅವುಗಳಿಗೆ ಬೇರೆಯೇ ನಿಯಮಗಳಿವೆ, ಬೇರೆಯೇ ಸಾಮಾನುಗಳಿವೆ.

ಮೊದಲು ಒತ್ತಡ

ಕಿರಿದಾದ ರಂಧ್ರದ ಮೂಲಕ ಹರಿಯುವ ಅನಿಲಕ್ಕೆ ಒಂದು ಉಪಕಾರಿ ಗುಣವಿದೆ. ರಂಧ್ರದ ಆಚೆಗಿನ ಒತ್ತಡ ಈಚೆಗಿನ ಒತ್ತಡದ ಸುಮಾರು ಅರ್ಧಕ್ಕಿಂತ ಕೆಳಗಿಳಿದರೆ, ಸಂದಿನಲ್ಲಿ ಅನಿಲದ ವೇಗ ಶಬ್ದದ ವೇಗಕ್ಕೆ ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ. ಇದನ್ನೇ ಹರಿವು ಚೋಕ್ ಆಗುವುದು ಎನ್ನುತ್ತಾರೆ. ಅಲ್ಲಿಂದಾಚೆ ಕೆಳಗಿನ ಒತ್ತಡ ಏರುಪೇರಾದರೂ ಹರಿವು ಬದಲಾಗುವುದಿಲ್ಲ. ನೈಟ್ರೋಜನ್‌ಗೆ ಈ ಅನುಪಾತ 0.528, ಆರ್ಗಾನ್‌ಗೆ 0.487. ಎರಡೂ ನಿರಪೇಕ್ಷ ಒತ್ತಡದ (ಗೇಜಿನ ಅಂಕಿಗೆ ಸುತ್ತಲಿನ ಗಾಳಿಯ ಒತ್ತಡ ಕೂಡಿಸಿದ್ದು) ಲೆಕ್ಕ, ಗೇಜಿನದಲ್ಲ.

ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. ರೆಗ್ಯುಲೇಟರನ್ನು 2 ಬಾರ್ ಗೇಜಿಗೆ ಇಟ್ಟರೆ ವಾಲ್ವಿನ ಮುಂದೆ, ಅಂದರೆ ಅನಿಲ ಒಳಬರುವ ಕಡೆ, 2.91 ಬಾರ್ ನಿರಪೇಕ್ಷ ಒತ್ತಡ ಇರುತ್ತದೆ. ಅದರ 0.528 ಪಾಲು 1.54 ಬಾರ್. ಅಂದರೆ ವಾಲ್ವಿನ ಹಿಂದಿನ (ಫರ್ನೇಸಿನ ಕಡೆಯ) ಗೇಜ್ 0.6 ಬಾರ್ ದಾಟದಿರುವವರೆಗೆ ಹರಿವು ಚೋಕ್ ಆಗಿಯೇ ಇರುತ್ತದೆ. ಫರ್ನೇಸಿನ ಬಬ್ಲರ್ (ಅನಿಲ ಗುಳ್ಳೆಯಾಗಿ ಹಾದುಹೋಗುವ ಬಾಟಲಿ), ಫಿಲ್ಟರ್, ಕೊಳವೆಯ ತಿರುವುಗಳು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಈ ಒಂದು ಅನುಕೂಲಕ್ಕಾಗಿಯೇ 2 ಬಾರ್ ಇಟ್ಟುಕೊಳ್ಳುವುದು ವಾಸಿ. ಅರ್ಧ ಬಾರಿಗೆ ಇಳಿಸಿ ದೊಡ್ಡ ರಂಧ್ರ ಕೊರೆದರೆ ಕೆಳಗಿನ ಪ್ರತಿ ಅಲುಗಾಟವೂ ಹರಿವಿನಲ್ಲಿ ಕಾಣುತ್ತದೆ.

ಅದೇ ವಾಲ್ವನ್ನು ಮಂಗಳೂರಿಗೆ ಒಯ್ದು ಅದೇ 2 ಬಾರ್ ಗೇಜಿಗೆ ಇಟ್ಟರೆ ನಿರಪೇಕ್ಷ ಒತ್ತಡ 3.01 ಬಾರ್ ಆಗುತ್ತದೆ. ಒಂದು ಸ್ಟೆಪ್ ಕೂಡ ಬದಲಿಸದೆ ಹರಿವು ಶೇ 3ಕ್ಕಿಂತ ಸ್ವಲ್ಪ ಹೆಚ್ಚು ಏರಿರುತ್ತದೆ. ಊರು ಬದಲಾದರೆ ಕ್ಯಾಲಿಬ್ರೇಷನ್ ಪಟ್ಟಿಯೂ (ಎಷ್ಟನೇ ಸ್ಟೆಪ್ಪಿಗೆ ಎಷ್ಟು ಹರಿವು ಎಂದು ಅಳೆದು ಬರೆದದ್ದು) ಬದಲಾಗಬೇಕು.

ಚೋಕ್ ಆದ ಹರಿವು ಮುಂದಿನ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತದೆ. ರೆಗ್ಯುಲೇಟರ್ 0.02 ಬಾರ್ ಸರಿದರೆ ಹರಿವು ಶೇ 0.7ರಷ್ಟು ಸರಿಯುತ್ತದೆ. ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಒಂದೇ ಹಂತದ ರೆಗ್ಯುಲೇಟರಿನ ಹೊರ ಒತ್ತಡ ನಿಧಾನವಾಗಿ ಏರುತ್ತದೆ, ಅದರ ರಚನೆಯೇ ಹಾಗಿದೆ. ಎರಡು ಹಂತದ ರೆಗ್ಯುಲೇಟರ್ ದುಬಾರಿ, ಆದರೆ ಈ ಕೆಲಸದಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಅದೇ. ಅದು ಆಗದಿದ್ದರೆ ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು 5 ಬಾರಿಗೆ ಇಟ್ಟು, ವಾಲ್ವಿನ ಹತ್ತಿರ ಇನ್ನೊಂದು ಸೂಕ್ಷ್ಮ ರೆಗ್ಯುಲೇಟರ್ ಹಾಕಿ 2ಕ್ಕೆ ಇಳಿಸಿಕೊಳ್ಳಿ.

ರಂಧ್ರ ಮತ್ತು ಸೂಜಿ

27 ಡಿಗ್ರಿ ಸೆಲ್ಸಿಯಸ್‌ನಲ್ಲಿ, 2.91 ಬಾರ್ ಮುಂದಿರುವಾಗ, ಒಂದು ಚದರ ಮಿ.ಮೀ. ಸಂದಿನಿಂದ ನಿಮಿಷಕ್ಕೆ ಸುಮಾರು 32 ಲೀಟರ್ ನೈಟ್ರೋಜನ್ ಹೋಗಬೇಕು. ಇಲ್ಲಿ ಲೀಟರ್ ಎಂದರೆ 0 ಡಿಗ್ರಿ ಮತ್ತು 1 ವಾಯುಭಾರಕ್ಕೆ ತಂದ ಲೀಟರ್. ನಿಜವಾದ ರಂಧ್ರದ ಅಂಚು ಅಷ್ಟನ್ನು ಬಿಡುವುದಿಲ್ಲ. 0.8ರ ಗುಣಕ ಹಾಕಿಕೊಂಡರೆ 25 ಲೀಟರ್ ಆಸುಪಾಸು ಬರುತ್ತದೆ. 5 ಲೀಟರಿಗೆ ಬೇಕಾದ ಸಂದು 0.2 ಚದರ ಮಿ.ಮೀ. ಇಷ್ಟೇ ವಿಸ್ತೀರ್ಣದ ಗುಂಡು ತೂತಿನ ವ್ಯಾಸ ಅರ್ಧ ಮಿ.ಮೀ. ಮಾತ್ರ. ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಬಾಲ್ ವಾಲ್ವಿಗೆ ಮೋಟರ್ ಕಟ್ಟಿ ಈ ಹರಿವನ್ನು ಹಿಡಿಯಲು ಏಕೆ ಆಗದು ಎಂಬುದಕ್ಕೆ ಈ ಒಂದು ಅಂಕಿ ಸಾಕು.

ರಂಧ್ರವನ್ನು 1.5 ಮಿ.ಮೀ. ವ್ಯಾಸಕ್ಕೆ ಇಡಿ. ಸೂಜಿಯ ಟೇಪರ್ (ತುದಿಯತ್ತ ಸಣ್ಣಗಾಗುವ ಓರೆ) ಒಟ್ಟು 3 ಡಿಗ್ರಿ, ಅಂದರೆ ನಡುಗೆರೆಯಿಂದ 1.5 ಡಿಗ್ರಿ. ಸೂಜಿ ಒಂದು ಮಿ.ಮೀ. ಹಿಂದೆ ಸರಿದರೆ ತೆರೆಯುವ ಸಂದು 3.14 × 1.5 × 0.0262, ಅಂದರೆ 0.123 ಚದರ ಮಿ.ಮೀ. ಪೂರ್ತಿ 5 ಲೀಟರಿಗೆ ಸೂಜಿ 1.62 ಮಿ.ಮೀ. ಸರಿಯಬೇಕು. ಅಷ್ಟು ತೆರೆದಾಗಲೂ ಸೂಜಿಗೂ ಗೋಡೆಗೂ ನಡುವೆ ಇರುವುದು 42 ಮೈಕ್ರಾನ್. ಅರ್ಧ ಲೀಟರಿನಲ್ಲಿ 4 ಮೈಕ್ರಾನ್. ಈ ಎರಡನೆಯ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಹೇಳುವ ಅರ್ಧಕ್ಕರ್ಧ ಎಚ್ಚರಿಕೆಗಳು ಅದರಿಂದಲೇ ಹುಟ್ಟುತ್ತವೆ.

ಸೀಟು, ಅಂದರೆ ರಂಧ್ರವಿರುವ ತುಂಡು, ಹಿತ್ತಾಳೆಯದು, ಸೂಜಿ ಗಡಸು ಮಾಡಿದ ಸ್ಟೇನ್‌ಲೆಸ್‌ನದು. ಎರಡನ್ನೂ ಒಂದೇ ಜಾತಿಯ ಮೆತ್ತನೆಯ ಸ್ಟೇನ್‌ಲೆಸ್‌ನಲ್ಲಿ ಮಾಡಿದರೆ ಒಂದನ್ನೊಂದು ಕಚ್ಚಿ ಕಿತ್ತುಕೊಳ್ಳುತ್ತವೆ. ರಂಧ್ರವನ್ನು 1.45ಕ್ಕೆ ಕೊರೆದು 1.5ರ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ. ನೇರ ಭಾಗದ ಉದ್ದ ಅರ್ಧ ಮಿ.ಮೀ. ಸಾಕು, ಹಿಂಬದಿಯನ್ನು ದೊಡ್ಡದಾಗಿ ತೆರೆದುಬಿಡಿ. ಉದ್ದವಾದ ರಂಧ್ರ ಕೊಳವೆಯಂತೆ ವರ್ತಿಸಿ ಲೆಕ್ಕ ಕೆಡಿಸುತ್ತದೆ.

ಸೂಜಿಯ ಟೇಪರ್ 4 ಮಿ.ಮೀ. ಉದ್ದ, 1.54ರಿಂದ 1.33 ಮಿ.ಮೀ. ವ್ಯಾಸಕ್ಕೆ ಇಳಿಯುವಂತೆ. ಇದನ್ನು ಲೇಥಿನಲ್ಲಿ ಟರ್ನ್ ಮಾಡಿ ಮುಗಿಸಬೇಡಿ, ಗ್ರೈಂಡ್ ಮಾಡಿಸಿ. ಬೆಂಗಳೂರಿನ ಪೀಣ್ಯದ ಕಡೆ ಟೂಲ್ ಗ್ರೈಂಡಿಂಗ್ ಮಾಡುವವರಿಗೆ ಇದು ಚಿಕ್ಕ ಕೆಲಸ. ಡ್ರಾಯಿಂಗಿನಲ್ಲಿ ಕೋನ, ಮೇಲ್ಮೈಯ ನುಣುಪು, ಕಾಂಡಕ್ಕೂ ಟೇಪರಿಗೂ ಇರಬೇಕಾದ 10 ಮೈಕ್ರಾನ್ ಒಳಗಿನ ರನ್‌ಔಟ್ (ತಿರುಗಿಸಿದಾಗ ನಡುಗೆರೆಯಿಂದ ಓಲಾಡುವ ಪ್ರಮಾಣ) ಮೂರನ್ನೂ ಬರೆದುಕೊಡಿ. ಕೈಗೆ ಬಂದ ಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮಸೂರದಲ್ಲಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಟೇಪರಿನ ಉದ್ದಕ್ಕೂ ಬೆಳಕಿನ ಒಂದೇ ಗೆರೆ ಕದಲದೆ ನಿಂತಿದ್ದರೆ ಸೂಜಿ ಸರಿಯಾಗಿದೆ. ಗೆರೆ ಹಾವಿನಂತೆ ಆಡಿದರೆ ಬಗ್ಗಿದೆ, ನಡುನಡುವೆ ತುಂಡಾದರೆ ಗ್ರೈಂಡಿಂಗ್ ಚಕ್ರದ ಅಲೆ ಉಳಿದಿದೆ. ಸೀಟಿನ ಅಂಚಿನಲ್ಲೂ ಹಾಗೆಯೇ ನೋಡಿ. ಎಲ್ಲಿಯಾದರೂ ಕೂದಲೆಳೆಯಂಥ ಬರ್ (ಕೊರೆದಾಗ ಅಂಚಿನಲ್ಲಿ ಉಳಿದ ಲೋಹದ ಚೂರು) ಮಿನುಗಿದರೆ ಚೂಪು ಮಾಡಿದ ಬಿದಿರಿನ ಕಡ್ಡಿಗೆ ನುಣುಪು ಲ್ಯಾಪಿಂಗ್ ಪೇಸ್ಟ್ ಹಚ್ಚಿ ತೆಗೆಯಿರಿ.

ಸೂಜಿ ರಂಧ್ರದ ನಡುವಿನಲ್ಲೇ ನಿಲ್ಲಬೇಕು, ಪಕ್ಕಕ್ಕೆ ವಾಲಬಾರದು. ಕೆಲವೇ ಮೈಕ್ರಾನಿನ ಸಂದಿನಲ್ಲಿ ಅನಿಲ ಗೋಡೆಗೆ ಅಂಟಿಕೊಂಡು, ಪದರ ಪದರವಾಗಿ ಹರಿಯುತ್ತದೆ. ಆಗ ಸೂಜಿ ಒಂದು ಗೋಡೆಗೆ ಪೂರ್ತಿ ಒರಗಿದರೆ ಅದೇ ವಿಸ್ತೀರ್ಣದ ಸಂದಿನಿಂದ ಎರಡೂವರೆ ಪಟ್ಟು ಹರಿವು ಬರಬಹುದು. ಕಡಿಮೆ ಹರಿವಿನಲ್ಲಿ ಕಾರಣವಿಲ್ಲದೆ ಅಂಕಿ ಜಿಗಿಯುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಸೂಜಿಯ ಮಾರ್ಗದರ್ಶಿ ಬುಷ್ ಸಡಿಲವಾಗಿದೆಯೇ ಎಂಬುದನ್ನು. 4 ಮಿ.ಮೀ. ಕಾಂಡಕ್ಕೆ ಕನಿಷ್ಠ 12 ಮಿ.ಮೀ. ಉದ್ದದ ಬುಷ್ ಕೊಡಿ.

ಇನ್ನೊಂದು ಲೆಕ್ಕ. ರಂಧ್ರದ ವ್ಯಾಸ 0.01 ಮಿ.ಮೀ. ತಪ್ಪಿದರೆ ಸೂಜಿ ಗೋಡೆಗೆ ತಾಗುವ ಜಾಗ 0.19 ಮಿ.ಮೀ. ಸರಿಯುತ್ತದೆ. ಹಾಗಾಗಿ ಶೂನ್ಯ ಎಲ್ಲಿದೆ ಎಂದು ಡ್ರಾಯಿಂಗಿನಿಂದ ಹೇಳಲು ಸಾಧ್ಯವಿಲ್ಲ. ಜೋಡಿಸಿದ ಮೇಲೆ ಹುಡುಕಿಕೊಳ್ಳಲು ದಾರಿ ಇರಬೇಕು.

ಸೀಟಿಗೆ ಗುದ್ದದ ಸೂಜಿ

ಈ ವಾಲ್ವಿನಿಂದ ಅನಿಲವನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ. ಹರಿವನ್ನು ಅಳೆದು ಬಿಡುವುದಷ್ಟೇ ಸೂಜಿಯ ಕೆಲಸ, ಮುಚ್ಚುವುದಕ್ಕೆ ವಿದ್ಯುತ್ತಿನಿಂದ ನಡೆಯುವ ಬೇರೆ ಸೊಲೆನಾಯ್ಡ್ ವಾಲ್ವ್ ಇರಲಿ. 1.5 ಡಿಗ್ರಿಯ ಟೇಪರ್ ಬೆಣೆಯ ಹಾಗೆ. ಒಮ್ಮೆ ಬಿಗಿಯಾಗಿ ಕೂತರೆ ಬಿಡಿಸುವುದು ಕಷ್ಟ, ಬಿಡಿಸಿದಾಗ ಸೀಟಿನಲ್ಲಿ ಉಂಗುರದ ಗುರುತು ಉಳಿಯುತ್ತದೆ. ಆಮೇಲೆ ಹಳೆಯ ಕ್ಯಾಲಿಬ್ರೇಷನ್ ಯಾವುದೂ ಹೊಂದುವುದಿಲ್ಲ.

ಸೂಜಿಯ ಕಾಂಡಕ್ಕೆ ಒಂದು ಕಾಲರ್ (ಬಿಗಿಯಬಹುದಾದ ಉಂಗುರ) ಕೊಟ್ಟು, ಸೂಜಿ ತಾಗುವುದಕ್ಕೆ 0.05 ಮಿ.ಮೀ. ಮೊದಲೇ ಆ ಕಾಲರ್ ವಾಲ್ವಿನ ಮೈಗೆ ಬಂದು ನಿಲ್ಲುವಂತೆ ಮಾಡಿ. ಹೊಂದಿಸುವ ವಿಧಾನ ಹೀಗೆ: ಕಾಲರ್ ಸಡಿಲವಿರುವಾಗ ಸೂಜಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸೀಟಿಗೆ ತಾಗಿಸಿ, ಕಾಲರನ್ನು ಮೈಗೆ ಒತ್ತಿ ಹಿಡಿದು, ಕಾಂಡದ ಮೇಲೆ ಅದು ಇರುವ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಕಾಲರ್ ಮೈಗೆ ತಾಗಿದಾಗ ಸೂಜಿ ಇನ್ನೂ 0.05 ದೂರವಿರಬೇಕು ತಾನೇ, ಆದ್ದರಿಂದ ಸೂಜಿಯನ್ನು ಹಿಂದಕ್ಕೆ ಎಳೆದು, ಕಾಲರನ್ನು ಗುರುತಿನಿಂದ ಸೂಜಿಯ ಮೂಗಿನ ದಿಕ್ಕಿಗೆ 0.05ರ ಫೀಲರ್ ಗೇಜಿನ (ದಪ್ಪ ಗೊತ್ತಿರುವ ತೆಳು ತಗಡು) ದಪ್ಪದಷ್ಟು ತಂದು ಬಿಗಿಯಬೇಕು. ದಿಕ್ಕು ತಪ್ಪಿದರೆ ಕಾಲರ್ ಇದ್ದೂ ಇಲ್ಲದಂತೆ. ಬಿಗಿದ ಮೇಲೆ ಲೆಕ್ಕದ ಪ್ರಕಾರ ನಿಮಿಷಕ್ಕೆ 150 ಮಿ.ಲೀ.ವರೆಗೂ ಸೋರುತ್ತದೆ. ಅಷ್ಟು ಕಿರಿದಾದ ಸಂದಿನಲ್ಲಿ ಗೋಡೆಯ ಎಳೆತ ಹೆಚ್ಚಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ.

ಸೊಲೆನಾಯ್ಡ್ ಸೂಜಿ ವಾಲ್ವಿನ ಮುಂದೆ, ಅಂದರೆ ರೆಗ್ಯುಲೇಟರಿನ ಕಡೆ, ಕರೆಂಟ್ ಇಲ್ಲದಾಗ ಮುಚ್ಚಿಕೊಳ್ಳುವ ಜಾತಿಯದು ಇರಬೇಕು. ಕರೆಂಟ್ ಹೋದರೆ ಸ್ಟೆಪ್ಪರ್ ಇದ್ದಲ್ಲೇ ನಿಲ್ಲುತ್ತದೆ, ತಾನಾಗಿ ಮುಚ್ಚುವುದಿಲ್ಲ. 7 ಘನ ಮೀಟರಿನ ಒಂದು ಸಿಲಿಂಡರ್ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಗೆ ಖಾಲಿಯಾದರೆ ಗಾಳಿಯಲ್ಲಿನ ಆಕ್ಸಿಜನ್ ಶೇ 21ರಿಂದ 16ರ ಹತ್ತಿರಕ್ಕೆ ಇಳಿಯಬಹುದು. ಶೇ 19.5ಕ್ಕಿಂತ ಕಡಿಮೆಯಾದರೆ ಅದು ಅಪಾಯದ ವಲಯ. ನೈಟ್ರೋಜನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರು ಕಟ್ಟಿದ ಸೂಚನೆಯೂ ಸಿಗುವುದಿಲ್ಲ. ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಮತ್ತು ಆಕ್ಸಿಜನ್ ಅಲಾರಂ ಎರಡೂ ಇರಲಿ.

ತಿರುಪು, ಸ್ಪ್ರಿಂಗ್, ಬೆಲ್ಟ್

ಸೂಜಿಯನ್ನು ಸರಿಸುವ ತಿರುಪನ್ನು ನೀವೇ ಕತ್ತರಿಸಬೇಡಿ. 0–13 ಮಿ.ಮೀ. ಮೈಕ್ರೋಮೀಟರ್ ಹೆಡ್ ಒಂದನ್ನು ಕೊಂಡುಕೊಳ್ಳಿ. ಅದರ ಪಿಚ್ (ಒಂದು ಸುತ್ತಿಗೆ ಮುಂದೆ ಸರಿಯುವ ದೂರ) 0.5 ಮಿ.ಮೀ., ಥ್ರೆಡ್ ಗ್ರೈಂಡ್ ಆಗಿರುತ್ತದೆ, ಸಡಿಲ ತೆಗೆಯುವ ನಟ್ ಒಳಗೇ ಇರುತ್ತದೆ. ಮಾಪಕವೂ ಕಣ್ಣೆದುರಿಗೆ ಇರುವುದರಿಂದ ಮೋಟರ್ ಸ್ಟೆಪ್ ತಪ್ಪಿಸಿಕೊಂಡಿದೆಯೇ ಎಂದು ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಲೇಥಿನಲ್ಲಿ ಕತ್ತರಿಸಿದ ಥ್ರೆಡ್ಡಿನಲ್ಲಿ ಇಪ್ಪತ್ತು ಮೈಕ್ರಾನ್ ಸಡಿಲ ಸಾಮಾನ್ಯ, ನಮ್ಮ ವಾಲ್ವಿನಲ್ಲಿ ಅದು ನಿಮಿಷಕ್ಕೆ 60 ಮಿ.ಲೀ.ಗೆ ಸಮ.

ಮೈಕ್ರೋಮೀಟರಿನ ಸ್ಪಿಂಡಲ್ (ಮುಂದೆ ಚಾಚುವ ಸರಳು) ಸೂಜಿಯ ಕಾಂಡದ ತಲೆಯನ್ನು ಒಂದು 3 ಮಿ.ಮೀ. ಉಕ್ಕಿನ ಗುಂಡಿನ ಮೂಲಕ ಒತ್ತಲಿ. ಸ್ಪಿಂಡಲ್ ತಿರುಗಿದರೂ ಸೂಜಿ ತಿರುಗುವುದಿಲ್ಲ, ಅಲ್ಪಸ್ವಲ್ಪ ವಕ್ರತೆಯೂ ಸೂಜಿಗೆ ತಗಲುವುದಿಲ್ಲ. ಕಾಂಡದ ತಲೆಯ ಕೆಳಗಿನ ಸ್ಪ್ರಿಂಗ್ ಸೂಜಿಯನ್ನು ಸದಾ ಹೊರಕ್ಕೆ, ಅಂದರೆ ತೆರೆಯುವ ಕಡೆಗೆ ತಳ್ಳುತ್ತಿರುತ್ತದೆ. ತಿರುಪು ಮುಚ್ಚುವ ಕಡೆಗೆ ಒತ್ತುತ್ತದೆ.

ಸ್ಪ್ರಿಂಗಿನ ಬಲ 20 ನ್ಯೂಟನ್ ಇರಲಿ. ಇದು ಅಂದಾಜಿಗೆ ಹಾಕಿದ ಸಂಖ್ಯೆಯಲ್ಲ. ಕಾಂಡದ ಓ-ರಿಂಗ್ ಒಂದು ರಾತ್ರಿ ಅಲುಗದೆ ಕೂತರೆ ಬಿಡಿಸಿಕೊಳ್ಳಲು 8 ನ್ಯೂಟನ್‌ವರೆಗೆ ಬೇಡಬಹುದು. ಸ್ಪ್ರಿಂಗ್ ಅದಕ್ಕಿಂತ ದುರ್ಬಲವಾಗಿದ್ದರೆ ತಿರುಪು ಹಿಂದೆ ಸರಿದರೂ ಸೂಜಿ ಅಲ್ಲೇ ಅಂಟಿಕೊಂಡಿರುತ್ತದೆ, ಗುಂಡು ಮತ್ತು ಕಾಂಡದ ನಡುವೆ ಸಣ್ಣ ಬಿರುಕು ತೆರೆಯುತ್ತದೆ, ಆಮೇಲೆ ಟಪ್ಪನೆ ಸೂಜಿ ಹಾರಿ ಹರಿವು ಒಮ್ಮೆಲೇ ಏರುತ್ತದೆ. ಕಂಟ್ರೋಲರ್ ಗಾಬರಿಯಾದಂತೆ ಮುಚ್ಚುತ್ತದೆ, ಮತ್ತೆ ಅಂಟುತ್ತದೆ. ಬೆಳಿಗ್ಗೆ ಮೊದಲ ಹತ್ತು ನಿಮಿಷ ಮಾತ್ರ ಹುಚ್ಚಾಟ ಆಡುವ ವಾಲ್ವುಗಳ ಕಥೆ ಬಹುತೇಕ ಇದೇ.

ಓ-ರಿಂಗ್ 4 ಮಿ.ಮೀ. ಒಳವ್ಯಾಸ, 1.5 ಮಿ.ಮೀ. ದಪ್ಪ, ವೈಟಾನ್ ರಬ್ಬರಿನದು, ಗಡಸುತನ 70 ಶೋರ್. ರಿಂಗ್ ಕೂರುವ ತೋಡಿನ ವ್ಯಾಸ 6.6, ಅಗಲ 2 ಮಿ.ಮೀ. ಆಗ ರಿಂಗ್ ಶೇ 13ರಷ್ಟು ಮಾತ್ರ ಒತ್ತಿಕೊಳ್ಳುತ್ತದೆ. ಸ್ಥಿರ ಜೋಡಣೆಗೆ ಕೊಡುವಂತೆ ಶೇ 25 ಒತ್ತಿಸಿದರೆ ಸೋರಿಕೆಯೇನೋ ನಿಲ್ಲುತ್ತದೆ, ಘರ್ಷಣೆ ಮಾತ್ರ ಎಲ್ಲವನ್ನೂ ಹಾಳುಮಾಡುತ್ತದೆ. ಕಾಂಡ ಕನ್ನಡಿಯಂತೆ ಹೊಳೆಯಬೇಕು, 0.4 ಮೈಕ್ರಾನ್ ಆರ್‌ಎ (ಮೇಲ್ಮೈಯ ಸರಾಸರಿ ಒರಟುತನ) ಅಥವಾ ಅದಕ್ಕಿಂತ ನುಣುಪು. ಪಿಎಫ್‌ಪಿಇ (ಫ್ಲೋರಿನ್ ಇರುವ ಸಂಶ್ಲೇಷಿತ) ಗ್ರೀಸನ್ನು ಬೆರಳಿಗೆ ಮುಟ್ಟಿದಷ್ಟು ಮಾತ್ರ ಸವರಿ.

ಎಲ್ಲ ಸೇರಿ ತಿರುಪು ಹೊರಬೇಕಾದ ಬಲ 35 ನ್ಯೂಟನ್. 0.5 ಪಿಚ್, ಶೇ 20 ದಕ್ಷತೆ ಎಂದುಕೊಂಡರೆ ಬೇಕಾದ ತಿರುಚು ಬಲ 14 ಮಿಲಿ ನ್ಯೂಟನ್ ಮೀಟರ್. ಇಷ್ಟೇ! 3ಡಿ ಪ್ರಿಂಟರಿಗೆ ಹಾಕುವ ನೆಮಾ 17 (ನೆಮಾ ಎಂಬುದು ಮೋಟರಿನ ಅಳತೆಯ ಹೆಸರು) ಮೋಟರ್ 400 ಕೊಡುತ್ತದೆ. ನೇರ ಕಟ್ಟಿದರೆ ತಿರುಪಿನ ತುದಿಯಲ್ಲಿ 1000 ನ್ಯೂಟನ್, ಅಂದರೆ ಕ್ವಿಂಟಲ್ ತೂಕ. ಕಾಲರ್, ಸ್ಪಿಂಡಲ್, ಸೀಟು ಯಾವುದೂ ತಡೆಯದು. ನೆಮಾ 11 ತೆಗೆದುಕೊಳ್ಳಿ, ಅದರ ಹಿಡಿತ 60 ಮಿಲಿ ನ್ಯೂಟನ್ ಮೀಟರ್ ಆಸುಪಾಸು ಇದ್ದರೆ ಸಾಕು. ಕರೆಂಟನ್ನು ರೇಟಿಂಗಿನ ಶೇ 40ಕ್ಕೆ ಇಳಿಸಿ.

ಮೋಟರಿಗೆ 20 ಹಲ್ಲು, ಮೈಕ್ರೋಮೀಟರಿನ ಥಿಂಬಲ್‌ಗೆ (ತಿರುಗಿಸುವ ಹಿಡಿಗೆ) 60 ಹಲ್ಲಿನ ಜಿಟಿ2 (2 ಮಿ.ಮೀ. ಅಂತರದ ಹಲ್ಲಿನ) ಪುಲ್ಲಿ, ನಡುವೆ 6 ಮಿ.ಮೀ. ಬೆಲ್ಟ್. ಥಿಂಬಲ್ ತಿರುಗುತ್ತಾ ಉದ್ದಕ್ಕೂ ಸರಿಯುವುದರಿಂದ ದೊಡ್ಡ ಪುಲ್ಲಿಯ ಹಲ್ಲಿನ ಅಗಲ 10 ಮಿ.ಮೀ. ಇರಬೇಕು, ಅಂಚಿನ ಬಿಲ್ಲೆ ಇರಬಾರದು. ಪುಲ್ಲಿಯನ್ನು ಗ್ರಬ್ ಸ್ಕ್ರೂನಿಂದ ಹಿಡಿಸಿದರೆ ಥಿಂಬಲ್ ತೆಳುವಾದ್ದರಿಂದ ಸೊಟ್ಟಗಾಗುತ್ತದೆ, ಸೀಳು ಕ್ಲ್ಯಾಂಪ್ ಹಾಕಿ. ಬೆಲ್ಟ್ ಏಕೆ, ನೇರ ಕಪ್ಲಿಂಗ್ ಏಕಾಗದು ಎಂದರೆ ಮುಖ್ಯ ಕಾರಣ ಶಾಖ. ಕರೆಂಟ್ ಹರಿಯುತ್ತಿರುವ ಸ್ಟೆಪ್ಪರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಅದನ್ನು ವಾಲ್ವಿನ ಬೆನ್ನಿಗೇ ಕಟ್ಟಿದರೆ ಶಾಖ ಸೂಜಿಗೆ ಇಳಿಯುತ್ತದೆ. 20 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಕಾಂಡ ಮೈಗಿಂತ 20 ಡಿಗ್ರಿ ಹೆಚ್ಚು ಬಿಸಿಯಾದರೆ 6 ಮೈಕ್ರಾನ್ ಉದ್ದವಾಗುತ್ತದೆ, ಹರಿವಿನಲ್ಲಿ ಅದು ನಿಮಿಷಕ್ಕೆ 20 ಮಿ.ಲೀ. ಅನಿಲವೇ 10 ಡಿಗ್ರಿ ಬಿಸಿಯಾದರೆ ಶೇ 1.6ರಷ್ಟು ಕಡಿಮೆ ಹರಿಯುತ್ತದೆ. ಬೆಲ್ಟ್ ಇದ್ದರೆ ಮೋಟರ್ ಬೇರೆ ಬ್ರಾಕೆಟ್ಟಿನ ಮೇಲೆ ದೂರ ಕೂರುತ್ತದೆ.

1.8 ಡಿಗ್ರಿಯ ಮೋಟರಿಗೆ ಸುತ್ತಿಗೆ 200 ಸ್ಟೆಪ್, 3:1 ಬೆಲ್ಟ್ ಸೇರಿ 600. ಒಂದು ಪೂರ್ಣ ಸ್ಟೆಪ್ಪಿಗೆ ಸೂಜಿಯ ನಡೆ 0.83 ಮೈಕ್ರಾನ್, ಹರಿವಿನಲ್ಲಿ ನಿಮಿಷಕ್ಕೆ 2.6 ಮಿ.ಲೀ. ಶೂನ್ಯದಿಂದ 5 ಲೀಟರಿಗೆ 1,944 ಸ್ಟೆಪ್. ಮೈಕ್ರೋಸ್ಟೆಪ್ಪಿಂಗನ್ನು (ಒಂದು ಸ್ಟೆಪ್ಪನ್ನು ಸಣ್ಣ ಭಾಗಗಳಾಗಿ ಒಡೆದು ತಿರುಗಿಸುವುದು) ಸದ್ದು ಕಡಿಮೆ ಮಾಡಲು ಹಾಕಿ, ನಿಖರತೆಗಾಗಿ ನಂಬಬೇಡಿ. ಹದಿನಾರನೇ ಒಂದು ಸ್ಟೆಪ್ಪಿಗೆ ಮೋಟರ್ ಕೊಡುವ ಹೆಚ್ಚುವರಿ ಬಲ ಬಹಳ ಕಡಿಮೆ. ಘರ್ಷಣೆ ಇದ್ದರೆ ಹಲವು ಮೈಕ್ರೋಸ್ಟೆಪ್ ಕೊಟ್ಟ ಮೇಲೆ ಒಮ್ಮೆ ಅಲುಗುತ್ತದೆ.

ಕೊಳವೆ, ಫಿಲ್ಟರ್, ಸೆನ್ಸರ್

4 ಮೈಕ್ರಾನಿನ ಸಂದಿಗೆ ಮುಂದೆ 2 ಮೈಕ್ರಾನಿನ ಸಿಂಟರ್ಡ್ (ಲೋಹದ ಪುಡಿಯನ್ನು ಕಾಯಿಸಿ ಬೆಸೆದ) ಫಿಲ್ಟರ್ ಇರಲೇಬೇಕು. ಕಸ ಹೆಚ್ಚಾಗಿ ಸಿಲಿಂಡರಿನಿಂದ ಬರುವುದಲ್ಲ, ಜೋಡಿಸುವವರ ಕೈಯಿಂದ ಬರುತ್ತದೆ: ಟೆಫ್ಲಾನ್ ಟೇಪಿನ ಎಳೆ. ಟೇಪನ್ನು ಮೊದಲ ಎರಡು ಥ್ರೆಡ್ ಬಿಟ್ಟು ಸುತ್ತಿ, ಫಿಲ್ಟರಿಗೂ ವಾಲ್ವಿಗೂ ನಡುವಿನ ಜೋಡಣೆಗಳಲ್ಲಿ ಟೇಪೇ ಬೇಡ, ಕೊಳವೆಯನ್ನು ಲೋಹದ ಉಂಗುರದಿಂದ ಬಿಗಿ ಹಿಡಿಯುವ ಫೆರುಲ್ ಫಿಟ್ಟಿಂಗ್ ಬಳಸಿ. ನಮ್ಮ ಅಂಗಡಿಗಳಲ್ಲಿ ಬಿಎಸ್‌ಪಿ (ಬ್ರಿಟಿಷ್), ಎನ್‌ಪಿಟಿ (ಅಮೆರಿಕನ್) ಥ್ರೆಡ್ಡಿನ ಫಿಟ್ಟಿಂಗ್ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಎಂಟನೇ ಒಂದು ಇಂಚಿನದರಲ್ಲಿ ಒಂದಕ್ಕೆ ಇಂಚಿಗೆ 28 ಥ್ರೆಡ್, ಇನ್ನೊಂದಕ್ಕೆ 27. ಎರಡು ಸುತ್ತು ಹಿಡಿದಂತೆ ಕಂಡು ಆಮೇಲೆ ಹಿತ್ತಾಳೆಯನ್ನು ಹರಿಯುತ್ತದೆ. ಪಿಚ್ ಗೇಜ್ ಇಟ್ಟು ನೋಡದೆ ತಿರುಗಿಸಬೇಡಿ.

ಹರಿವಿನ ಸೆನ್ಸರ್ 2 ಬಾರ್ ತಡೆಯುವುದಾದರೆ ಅದನ್ನು ವಾಲ್ವಿನ ಮುಂದೆಯೇ ಇಡಿ. ಅಲ್ಲಿ ಒತ್ತಡ ಬದಲಾಗದ ಕಾರಣ ನಡುವಿನ ಕೊಳವೆ ತುಂಬುವ, ಖಾಲಿಯಾಗುವ ವಿಳಂಬ ಇರುವುದಿಲ್ಲ. ತಡೆಯದಿದ್ದರೆ ವಾಲ್ವಿನ ಹಿಂದೆ, 4 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ 20 ಸೆಂ.ಮೀ. ಒಳಗೆ. ಶಾಖದ ಮೇಲೆ ನಡೆಯುವ ಮಾಸ್ ಫ್ಲೋ ಸೆನ್ಸರ್ ನೈಟ್ರೋಜನ್‌ಗೆ ಹೊಂದಿಸಿದ್ದಾಗಿದ್ದು ಅದರಲ್ಲಿ ಆರ್ಗಾನ್ ಹರಿಸಿದರೆ ನಿಜವಾದ ಹರಿವು ತೋರಿಸಿದ್ದಕ್ಕಿಂತ ಸುಮಾರು 1.4 ಪಟ್ಟು ಇರುತ್ತದೆ. ತಯಾರಕರು ಕೊಟ್ಟ ಗುಣಕವನ್ನೇ ಹಾಕಿ. ಅವರ ಲೀಟರ್ 0 ಡಿಗ್ರಿಯದೋ 20 ಡಿಗ್ರಿಯದೋ ಎಂಬುದನ್ನೂ ಡೇಟಾಶೀಟಿನಲ್ಲಿ ನೋಡಿ. ಅಲ್ಲಿ ಎಡವಿದರೆ ಶೇ 7ರ ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ.

ಜೋಡಿಸಿ ಮುಗಿದ ಮೇಲೆ ಹೊರದ್ವಾರಕ್ಕೆ ಪ್ಲಗ್ ಹಾಕಿ, 3 ಬಾರ್ ತುಂಬಿ, ಅನಿಲ ಒಳಬರುವ ಕಡೆಯ ಕಾಕ್ ವಾಲ್ವನ್ನು ಮುಚ್ಚಿ ಗೇಜ್ ನೋಡಿ. ಒಳಗಿನ ಜಾಗ 50 ಮಿ.ಲೀ. ಇದ್ದು 10 ನಿಮಿಷದಲ್ಲಿ 1 ಕಿಲೋಪಾಸ್ಕಲ್ ಇಳಿದರೆ ಸೋರಿಕೆ ನಿಮಿಷಕ್ಕೆ 0.05 ಮಿ.ಲೀ., ಈ ಕೆಲಸಕ್ಕೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಸೋಪಿನ ನೀರು ಹಚ್ಚಿ ಹುಡುಕಿ.

ಡ್ರೈವರ್ ಮತ್ತು ಪ್ರೋಗ್ರಾಂ

ಸ್ಟೆಪ್ಪರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡುಗಳಲ್ಲಿ ಎ4988 ಅಗ್ಗದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಕರೆಂಟ್ ಮಿತಿ ಎಂದರೆ ಪೊಟೆನ್ಶಿಯೋಮೀಟರಿನ ಮೇಲಿನ ವೋಲ್ಟೇಜನ್ನು ಸೆನ್ಸ್ ರೆಸಿಸ್ಟರಿನ ಎಂಟು ಪಟ್ಟಿನಿಂದ ಭಾಗಿಸಿದ್ದು. ಬೋರ್ಡಿನ ಮೇಲಿನ ಪುಟ್ಟ ಕಪ್ಪು ರೆಸಿಸ್ಟರಿನಲ್ಲಿ ಆರ್100 ಎಂದಿದ್ದರೆ 0.1 ಓಮ್, ಆಗ 0.2 ವೋಲ್ಟಿಗೆ 0.25 ಆಂಪಿಯರ್. ಆರ್068 ಎಂದಿದ್ದರೆ ಅದೇ ವೋಲ್ಟಿಗೆ 0.37. ಟಿಎಂಸಿ2209 ಎಂಬ ಇನ್ನೊಂದು ಡ್ರೈವರ್ ಹಾಕಿದರೆ ನಿಂತಾಗ ಕರೆಂಟ್ ತಾನಾಗಿ ಇಳಿಯುವಂತೆ ಮಾಡಬಹುದು, ಸದ್ದೂ ಕಡಿಮೆ. 0.5 ಪಿಚ್ಚಿನ ತಿರುಪು ತಾನೇ ಹಿಂದಕ್ಕೆ ತಿರುಗುವುದಿಲ್ಲವಾದ್ದರಿಂದ ನಿಂತಾಗ ಶೇ 20 ಕರೆಂಟ್ ಸಾಕು. ಪೂರ್ತಿ ತೆಗೆಯಬೇಕೆಂದರೆ ಪೂರ್ಣ ಸ್ಟೆಪ್ಪಿನ ಮೇಲೆ ನಿಲ್ಲಿಸಿ ತೆಗೆಯಿರಿ. ಡ್ರೈವರಿನ ವಿದ್ಯುತ್ತನ್ನೇ ಆರಿಸಿ ಮತ್ತೆ ಹಾಕಿದರೆ ಅದು ತನ್ನ ಆರಂಭದ ಕೋನಕ್ಕೆ ಹೋಗುತ್ತದೆ, ಮೋಟರ್ ಎರಡು ಸ್ಟೆಪ್‌ವರೆಗೆ ಜಿಗಿಯಬಹುದು. ಹಾಗಾಗಿ ಪ್ರತಿ ಬಾರಿ ಆನ್ ಆದಾಗ ಶೂನ್ಯ ಹುಡುಕಿಸಬೇಕು.

ಶೂನ್ಯ ಹುಡುಕುವುದು ತೆರೆಯುವ ದಿಕ್ಕಿನಲ್ಲಿ. ಮೊದಲು ಸೊಲೆನಾಯ್ಡ್ ಮುಚ್ಚಿದೆಯೇ ನೋಡಿ. ಸೂಜಿ 2 ಮಿ.ಮೀ. ತೆರೆದಲ್ಲಿ ಒಂದು ಮೈಕ್ರೋಸ್ವಿಚ್ ತಾಗಲಿ, ತಾಗಿದ ಮೇಲೆ ಮುಚ್ಚುವ ಕಡೆ ತಿರುಗಿ, ದೊಡ್ಡ ಪುಲ್ಲಿಯ ಮೇಲಿನ ತಗಡಿನ ಕಿವಿ ಆಪ್ಟಿಕಲ್ ಸ್ಲಾಟ್ ಸೆನ್ಸರನ್ನು ದಾಟುವ ಕ್ಷಣವನ್ನು ಹಿಡಿಯಿರಿ. ಮೈಕ್ರೋಸ್ವಿಚ್ ಹತ್ತಾರು ಮೈಕ್ರಾನ್ ಹೆಚ್ಚುಕಡಿಮೆ ತಾಗಿದರೂ ತೊಂದರೆಯಿಲ್ಲ. ಎಷ್ಟನೇ ಸುತ್ತು ಎಂದು ಹೇಳುವುದಷ್ಟೇ ಅದರ ಕೆಲಸ, ಸುತ್ತಿನೊಳಗೆ ಎಲ್ಲಿ ಎಂದು ಹೇಳುವುದು ಸ್ಲಾಟ್ ಸೆನ್ಸರ್.

ಕಂಟ್ರೋಲಿಗೆ ಎರಡು ಭಾಗ. ಹೊಸ ಹರಿವು ಕೇಳಿದಾಗ ಕ್ಯಾಲಿಬ್ರೇಷನ್ ಪಟ್ಟಿಯಿಂದ ಸ್ಟೆಪ್ ಸಂಖ್ಯೆ ತೆಗೆದು ನೇರ ಅಲ್ಲಿಗೆ ಹೋಗಿ, ಸೆಕೆಂಡಿಗೆ 600 ಸ್ಟೆಪ್ ವೇಗದಲ್ಲಿ. ತೆರೆಯುವ ಕಡೆ ಹೋಗುತ್ತಿದ್ದರೆ 30 ಸ್ಟೆಪ್ ಮುಂದೆ ಹೋಗಿ ಹಿಂದಿರುಗಿ, ಕೊನೆಯ ನಡೆ ಯಾವಾಗಲೂ ಮುಚ್ಚುವ ದಿಕ್ಕಿನದೇ ಆಗಿರಲಿ. ಬೆಲ್ಟಿನ ಸಡಿಲ ಹಾಗೆ ಮಾಯವಾಗುತ್ತದೆ. ಆಮೇಲೆ ಒಂದು ಸೆಕೆಂಡ್ ಕಾದು ಸೆನ್ಸರ್ ನೋಡಿಕೊಂಡು ತಿದ್ದಿ, ಸೆಕೆಂಡಿಗೆ ಐದು ಸಲ. 100 ಮಿ.ಲೀ. ಕೊರತೆ ಇದ್ದರೆ ಪೂರ್ತಿ ತಿದ್ದಲು 38 ಸ್ಟೆಪ್ ಬೇಕು, ಒಂದು ಸಲಕ್ಕೆ ಅದರ ಮೂರನೇ ಒಂದರಷ್ಟು, 12 ಸ್ಟೆಪ್ ಮಾತ್ರ ಕೊಡಿ. ಸ್ಟೆಪ್ಪರ್ ತಾನು ಹೋದಲ್ಲೇ ನಿಲ್ಲುವುದರಿಂದ ಇಷ್ಟೇ ಸಾಕಾಗುತ್ತದೆ, ಬೇರೆ ಇಂಟಿಗ್ರಲ್ ಪದ (ಹಿಂದಿನ ತಪ್ಪುಗಳನ್ನೆಲ್ಲ ಕೂಡಿಸಿ ತಿದ್ದುವ ಭಾಗ) ಸೇರಿಸಿದರೆ ತೂಗಾಟ ಶುರುವಾಗುತ್ತದೆ. ವ್ಯತ್ಯಾಸ 15 ಮಿ.ಲೀ. ಒಳಗಿದ್ದರೆ ಮೋಟರನ್ನು ಮುಟ್ಟಲೇಬೇಡಿ. ಈ 15 ಮಿ.ಲೀ.ಯ ವಿಶ್ರಾಂತಿ ಅಂತರ ಇಲ್ಲದ ವಾಲ್ವ್ ದಿನವಿಡೀ ಎರಡು ಸ್ಟೆಪ್ ಹಿಂದೆ ಮುಂದೆ ಆಡುತ್ತಾ ಒಂದೇ ಜಾಗದಲ್ಲಿ ಓ-ರಿಂಗನ್ನು ಸವೆಸುತ್ತದೆ.

ಮೋಟರಿನ ತಂತಿ ಮತ್ತು ಸೆನ್ಸರಿನ ತಂತಿ ಒಂದೇ ಕಟ್ಟಿನಲ್ಲಿ ಹೋಗಬಾರದು. ಸೆನ್ಸರಿಗೆ ಶೀಲ್ಡ್ ಇರುವ ತಂತಿ, 16 ಓದಿನ ಸರಾಸರಿ, ಮತ್ತು ಮೋಟರ್ ನಿಂತಿರುವಾಗ ಮಾತ್ರ ಓದುವುದು. ಮೋಟರ್ ತಿರುಗಿದಾಗಲೆಲ್ಲ ಹರಿವು ಕುಣಿದಂತೆ ಕಂಡರೆ ಸೊಲೆನಾಯ್ಡ್ ಮುಚ್ಚಿಟ್ಟು ಮೋಟರ್ ತಿರುಗಿಸಿ ನೋಡಿ. ಆಗಲೂ ಅಂಕಿ ಕುಣಿದರೆ ಅದು ಅನಿಲವಲ್ಲ, ತಂತಿ.

ಸೋಪಿನ ಪದರದಿಂದ ಕ್ಯಾಲಿಬ್ರೇಷನ್

40 ಮಿ.ಮೀ. ಒಳವ್ಯಾಸದ ಗಾಜಿನ ಅಥವಾ ಅಕ್ರಿಲಿಕ್ ಕೊಳವೆ, 40 ಸೆಂ.ಮೀ. ಅಂತರದಲ್ಲಿ ಎರಡು ಗೆರೆ. ನಡುವಿನ ಗಾತ್ರ ಲೆಕ್ಕಕ್ಕೆ 503 ಮಿ.ಲೀ., ಆದರೆ ನೀರು ತುಂಬಿ ತೂಗಿ ನಿಮ್ಮ ಕೊಳವೆಯದನ್ನೇ ಬರೆದುಕೊಳ್ಳಿ. ಕೆಳಗೆ ಸೋಪಿನ ನೀರು, ಅದರ ಪಕ್ಕದಿಂದ ಅನಿಲ. ಒಳಗೋಡೆಯನ್ನು ಮೊದಲೇ ಪೂರ್ತಿ ಒದ್ದೆ ಮಾಡಿ, ಇಲ್ಲದಿದ್ದರೆ ಪದರ ಅರ್ಧಕ್ಕೇ ಒಡೆಯುತ್ತದೆ. ಎರಡು ಮೂರು ಪದರ ಒಡೆದ ಮೇಲೆ ಒಂದು ಕಾಮನಬಿಲ್ಲಿನ ಬಣ್ಣ ಹೊತ್ತು ಅಲುಗದೆ, ಚಪ್ಪಟೆಯಾಗಿ ಏರತೊಡಗುತ್ತದೆ. ಅದು ಕೆಳಗೆರೆ ದಾಟಿದಾಗ ಸ್ಟಾಪ್‌ವಾಚ್ ಒತ್ತಿ, ಮೇಲಿನ ಗೆರೆಯಲ್ಲಿ ನಿಲ್ಲಿಸಿ. ಪದರದ ಅಂಚು ಗೋಡೆಯ ಹತ್ತಿರ ಬಾಗಿರುತ್ತದೆ, ನಡುಭಾಗವನ್ನೇ ನೋಡಿ, ಕಣ್ಣು ಗೆರೆಯ ಮಟ್ಟದಲ್ಲಿರಲಿ.

ಅರ್ಧ ಲೀಟರ್ ಹರಿವಿಗೆ ಇದು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಬೆರಳಿನ ತಪ್ಪು ಗಣನೆಗೇ ಬಾರದು. 5 ಲೀಟರಿಗೆ ಆರೇ ಸೆಕೆಂಡ್, 0.2 ಸೆಕೆಂಡ್ ತಪ್ಪಿದರೆ ಶೇ 3. ಅಲ್ಲಿ ಹತ್ತು ಓದು ತೆಗೆದು ಸರಾಸರಿ ಮಾಡಿ, ಅಥವಾ ಎರಡೂ ಗೆರೆಯಲ್ಲಿ ಬೆಳಕಿನ ಸೆನ್ಸರ್ ಕೂರಿಸಿ.

ಓದಿದ ಲೀಟರನ್ನು ಹಾಗೆಯೇ ಬರೆದುಕೊಳ್ಳಬೇಡಿ. ಒಣ ಅನಿಲ ಸೋಪಿನ ನೀರಿನ ಮೇಲೆ ಹಾದಾಗ ನೀರಾವಿ ಸೇರಿಕೊಳ್ಳುತ್ತದೆ, 25 ಡಿಗ್ರಿಯಲ್ಲಿ ಅದರ ಒತ್ತಡ 3.2 ಕಿಲೋಪಾಸ್ಕಲ್. ಬೆಂಗಳೂರಿನ 91 ಕಿಲೋಪಾಸ್ಕಲ್‌ನಿಂದ ಅದನ್ನು ಕಳೆದು, 101.3ರಿಂದ ಭಾಗಿಸಿ, 273ನ್ನು 298ರಿಂದ ಭಾಗಿಸಿದ್ದರಿಂದ ಗುಣಿಸಿದರೆ 0.79 ಬರುತ್ತದೆ. ಕೊಳವೆಯಲ್ಲಿ ಕಂಡ 1 ಲೀಟರ್, 0 ಡಿಗ್ರಿಯ ಪ್ರಮಾಣಿತ ಲೆಕ್ಕದಲ್ಲಿ 0.79 ಲೀಟರ್ ಅಷ್ಟೇ. ಕಡಲ ಮಟ್ಟದ ಮಂಗಳೂರಿನಲ್ಲಿ ಅದೇ 0.89. ಪುಸ್ತಕದಲ್ಲಿ ಕೊಟ್ಟ ಕಡಲ ಮಟ್ಟದ ಗುಣಕವನ್ನು ಹಾಗೆಯೇ ಎತ್ತಿಕೊಂಡರೆ ಬೆಂಗಳೂರಿನವರ ಲೆಕ್ಕ ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚು ತಪ್ಪುತ್ತದೆ. ಕೋಣೆಯಲ್ಲಿ ಒಂದು ಬ್ಯಾರೋಮೀಟರ್ ಇರಲಿ.

200 ಸ್ಟೆಪ್ಪಿಗೊಂದರಂತೆ ಹತ್ತು ಜಾಗದಲ್ಲಿ, ಮೊದಲು ತೆರೆಯುತ್ತಾ, ಆಮೇಲೆ ಮುಚ್ಚುತ್ತಾ ಅಳೆಯಿರಿ. ಏರುವಾಗಿನ ಮತ್ತು ಇಳಿಯುವಾಗಿನ ಅಂಕಿಗಳು 50 ಮಿ.ಲೀ.ಗಿಂತ ಹೆಚ್ಚು ಬೇರೆಯಾಗಿದ್ದರೆ ಬೆಲ್ಟ್ ಸಡಿಲ, ಸ್ಪ್ರಿಂಗ್ ದುರ್ಬಲ ಅಥವಾ ಓ-ರಿಂಗ್ ಬಿಗಿ. ಪಟ್ಟಿಗೆ ಮುಚ್ಚುವಾಗಿನ ಅಂಕಿಗಳನ್ನೇ ಹಾಕಿ, ಏಕೆಂದರೆ ಪ್ರೋಗ್ರಾಂ ನಿಲ್ಲುವುದು ಆ ದಿಕ್ಕಿನಲ್ಲಿ. 1 ಲೀಟರಿನ ಮೇಲೆ ಗೆರೆ ಹೆಚ್ಚುಕಡಿಮೆ ನೇರ ಬರುತ್ತದೆ, ಅದರ ಕೆಳಗೆ ಬಾಗುತ್ತದೆ. ಅಲ್ಲಿ 50 ಸ್ಟೆಪ್ಪಿಗೊಂದು ಬಿಂದು ತೆಗೆದುಕೊಳ್ಳಿ.

ಈ ಪಟ್ಟಿಯ ಒಂದು ಪ್ರತಿಯನ್ನು ತಾರೀಖು, ಬ್ಯಾರೋಮೀಟರಿನ ಅಂಕಿ, ರೆಗ್ಯುಲೇಟರಿನ ಒತ್ತಡದ ಜೊತೆ ವಾಲ್ವಿನ ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿ. ತಿಂಗಳಿಗೊಮ್ಮೆ 1,000ನೇ ಸ್ಟೆಪ್ಪಿನಲ್ಲಿ ಒಂದೇ ಒಂದು ಓದು ತೆಗೆದು ಹೋಲಿಸಿ, ಬೇರೆ ಬಂದರೆ ಪಟ್ಟಿಯ ಉಳಿದ ಜಾಗಗಳಲ್ಲೂ ಅಳೆಯಿರಿ. ಎಲ್ಲ ಕಡೆಯೂ ಒಂದೇ ಶೇಕಡಾವಾರು ಏರಿದ್ದರೆ ಒತ್ತಡ ಬದಲಾಗಿದೆ. ಎಲ್ಲ ಕಡೆಯೂ ಒಂದೇ ಮಿ.ಲೀ. ಏರಿದ್ದರೆ ಶೂನ್ಯ ಸರಿದಿದೆ, ಕಾಲರ್ ಅಥವಾ ಪುಲ್ಲಿಯ ಕ್ಲ್ಯಾಂಪ್ ನೋಡಿ. ಕಡಿಮೆ ಹರಿವಿನಲ್ಲಿ ಮಾತ್ರ ಇಳಿದಿದ್ದರೆ ಸಂದಿನಲ್ಲಿ ಕಸ ಕೂತಿದೆ: ಸೂಜಿಯನ್ನು 2 ಮಿ.ಮೀ. ತೆರೆದು ಅರ್ಧ ನಿಮಿಷ ಜೋರಾಗಿ ಹರಿಸಿ, ಮತ್ತೆ ಅಳೆಯಿರಿ. ಆಗಲೂ ಹಳೆಯ ಅಂಕಿಗೆ ಬಾರದಿದ್ದರೆ ಫಿಲ್ಟರ್ ಬದಲಿಸಿ, ಸೀಟನ್ನು ಬಿಚ್ಚಿ ಲೂಪಿನಡಿ ಇಡಿ.